ಹೊರಗೆ ಕಾಲಿಡಲು ಬಿಡದ ಸ್ಟೇಷನ್: ಉಮಿ ಶಿಬೌರದ ಹಿಂದಿನ ಕಥೆ

ಜಪಾನಿನ ಯೊಕೊಹಾಮಾದ ಅಂಚಿನಲ್ಲಿ ಉಮಿ ಶಿಬೌರ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಹಳಿ ಅಲ್ಲಿಗೇ ಮುಗಿಯುತ್ತದೆ. ಟಿಕೆಟ್ ಇದ್ದರೆ ಯಾರು ಬೇಕಾದರೂ ಅಲ್ಲಿಯವರೆಗೆ ಹೋಗಬಹುದು, ಇಳಿಯಬಹುದು. ಆದರೆ ಊರಿನ ರಸ್ತೆಗೆ ಹೋಗುವ ದಾರಿಯೇ ಇಲ್ಲ. ಇರುವುದು ತೋಶಿಬಾ ಕಾರ್ಖಾನೆಯ ಗೇಟು. ಅಲ್ಲಿ ಸೆಕ್ಯೂರಿಟಿಯವರು ನಿಂತಿರುತ್ತಾರೆ. ಕಂಪನಿಯ ಕೆಲಸದವರಾದರೆ ಒಳಗೆ ಬಿಡುತ್ತಾರೆ. ಉಳಿದವರು ಮತ್ತೆ ರೈಲು ಹತ್ತಿ ವಾಪಸ್ ಬರಬೇಕು.

ಇದನ್ನು ‘ಜಪಾನಿನ ವಿಚಿತ್ರ’ ಅಂತ ವಿಡಿಯೊ ಮಾಡಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಈ ಹಳಿಯನ್ನು ಯಾರಿಗಾಗಿ ಹಾಕಿದರು ಅಂತ ನೋಡಿದರೆ ಸಾಕು, ಗೇಟು ಯಾಕೆ ಹೀಗಿದೆ ಅಂತ ಗೊತ್ತಾಗುತ್ತದೆ.

ಕಥೆ ಶುರುವಾಗುವುದು ಅಸಾನೊ ಸೊಯಿಚಿರೊ ಎಂಬ ವ್ಯಾಪಾರಿಯಿಂದ. ಹಳ್ಳಿ ಬಿಟ್ಟು ಟೋಕಿಯೊಗೆ ಬಂದ ಹೊಸದರಲ್ಲಿ ರಸ್ತೆ ಬದಿಯಲ್ಲಿ ಸಕ್ಕರೆ ನೀರು ಮಾರಿದವನು. ಮುಂದೆ ಸರ್ಕಾರದ ಸಿಮೆಂಟ್ ಕಾರ್ಖಾನೆಯನ್ನೇ ಕೊಂಡ. ಆಮೇಲೆ ವಿದೇಶ ಸುತ್ತುವಾಗ ಅಲ್ಲಿಯ ಬಂದರುಗಳನ್ನು ನೋಡಿದ. ದೊಡ್ಡ ಹಡಗು ನೇರವಾಗಿ ದಡಕ್ಕೆ ಬಂದು ನಿಲ್ಲುತ್ತಿತ್ತು, ಸರಕು ಅಲ್ಲೇ ಇಳಿಯುತ್ತಿತ್ತು. ಯೊಕೊಹಾಮಾದಲ್ಲಾದರೆ ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ತರುವ ಪಾಡು. ಹಾಗಿದ್ದರೆ ಸಮುದ್ರದ ಅಂಚನ್ನೇ ತುಂಬಿಸಿ ಕಾರ್ಖಾನೆ ಕಟ್ಟಿದರೆ ಹೇಗೆ? ಇದು ಅಸಾನೊ ಹಾಕಿದ ಲೆಕ್ಕ. ಬ್ಯಾಂಕರ್ ಯಾಸುದಾ ಜೆಂಜಿರೊ ದುಡ್ಡು ಹಾಕಲು ಒಪ್ಪಿದ. 1913ರಲ್ಲಿ ಸಮುದ್ರ ತುಂಬಿಸುವ ಕೆಲಸ ಶುರುವಾಯಿತು. ಅದು ಮುಗಿಯಲು ಸುಮಾರು ಹದಿನೈದು ವರ್ಷ ಹಿಡಿಯಿತು.

ಹೊಸ ನೆಲದ ಮೇಲೆ ಉಕ್ಕು, ಸಿಮೆಂಟು, ಎಣ್ಣೆಯ ಕಂಪನಿಗಳು ಬಂದು ಕುಳಿತವು. ಸರಕು ಸಾಗಿಸಲು ರೈಲು ಬೇಕಲ್ಲ? 1924ರಲ್ಲಿ ತ್ಸುರುಮಿ ರಿಂಕೊ ಎಂಬ ಖಾಸಗಿ ರೈಲು ಕಂಪನಿ ಹುಟ್ಟಿತು. 1926ರಲ್ಲಿ ಗೂಡ್ಸ್ ರೈಲುಗಳು ಓಡಾಡತೊಡಗಿದವು. ಗಮನಿಸಿ, ಬರೀ ಗೂಡ್ಸ್. ಜನರನ್ನು ಹತ್ತಿಸಿಕೊಳ್ಳಲು ಶುರು ಮಾಡಿದ್ದು 1930ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಅಸಾನೊ ತೀರಿಕೊಂಡ.

ಈ ಮಾರ್ಗದ ಸ್ಟೇಷನ್ನುಗಳ ಪಟ್ಟಿ ನೋಡಿದರೆ ಯಾವುದೋ ಕಂಪನಿಯ ಡೈರೆಕ್ಟರುಗಳ ಪಟ್ಟಿ ಓದಿದಂತಾಗುತ್ತದೆ. ಅಸಾನೊ ಹೆಸರಿನದು ಒಂದು. ಯಾಸುದಾ ಜೆಂಜಿರೊನ ಹೆಸರನ್ನು ಚುಟುಕು ಮಾಡಿ ಇಟ್ಟದ್ದು ಇನ್ನೊಂದು. ಉಕ್ಕಿನ ಉದ್ಯಮಿ, ಅಸಾನೊನ ಅಳಿಯ ಶಿರೈಶಿಗೆ ಒಂದು, ಕಾಗದದ ದೊರೆ ಓಕಾವಾಗೆ ಮತ್ತೊಂದು. ಮುಖ್ಯ ಹಳಿಯ ಕೊನೆಯ ಸ್ಟೇಷನ್ ಓಗಿಮಾಚಿಯ ಹೆಸರು ಅಸಾನೊ ಮನೆತನದ ಬೀಸಣಿಗೆ ಲಾಂಛನದಿಂದ ಬಂದದ್ದು. ಊರಿನ ಹೆಸರು ಇಡೋಣ ಅಂದರೆ ಅಲ್ಲಿ ಊರೇ ಇರಲಿಲ್ಲ ಬಿಡಿ, ಮೊನ್ನೆ ಮೊನ್ನೆಯವರೆಗೆ ಬರೀ ನೀರು.

ಇನ್ನು ಶಿಬೌರ. ವಿದ್ಯುತ್ ಯಂತ್ರ ಮಾಡುವ ಶಿಬೌರ ಕಂಪನಿ ಟೋಕಿಯೊದಲ್ಲಿತ್ತು. 1923ರ ಭಾರಿ ಭೂಕಂಪದ ಬಳಿಕ, 1925ರಲ್ಲಿ ಯೊಕೊಹಾಮಾದ ತ್ಸುರುಮಿಯಲ್ಲೂ ಕಾರ್ಖಾನೆ ತೆರೆಯಿತು. 1932ರಲ್ಲಿ ಅಸಾನೊ ಸ್ಟೇಷನ್ನಿನಿಂದ ಒಂದು ಕವಲು ಹಳಿ ಆ ಕಡೆಗೆ ಬಂತು. 1939ರಲ್ಲಿ ಶಿಬೌರ ಮತ್ತು ಟೋಕಿಯೊ ಎಲೆಕ್ಟ್ರಿಕ್ ಒಂದಾಗಿ, ಮುಂದೆ ನಾವು ತೋಶಿಬಾ ಎಂದು ಕರೆದ ಕಂಪನಿ ಆಯಿತು. ಮರುವರ್ಷ, 1940ರ ನವೆಂಬರ್ 1ರಂದು, ಕವಲನ್ನು ಇನ್ನಷ್ಟು ಎಳೆದು ಕಾರ್ಖಾನೆಯ ಜಾಗದೊಳಗೇ ಉಮಿ ಶಿಬೌರ ಸ್ಟೇಷನ್ ತೆರೆದರು. ಇಡೀ ಕವಲು ಬರೀ 1.7 ಕಿಲೋಮೀಟರ್. ಬರುವವರೆಲ್ಲ ಅಲ್ಲಿಯ ನೌಕರರೇ ಆದಾಗ ಬೇರೆ ಬಾಗಿಲು ಇಡುವ ಯೋಚನೆ ಯಾರಿಗೆ ಬರುತ್ತದೆ?

ಬದಲಾಗಬಹುದಿದ್ದ ಒಂದು ಹೊತ್ತು ಅಂದರೆ 1943. ಯುದ್ಧದ ಕಾಲ. ಸರ್ಕಾರ ಈ ಮಾರ್ಗವನ್ನು ತನ್ನ ಕೈಗೆ ತೆಗೆದುಕೊಂಡಿತು. ರೈಲು ಸಾರ್ವಜನಿಕರದ್ದಾಯಿತು, ಸ್ಟೇಷನ್ ಹೊರಗಿನ ನೆಲ ಮಾತ್ರ ಕಂಪನಿಯದ್ದಾಗಿಯೇ ಉಳಿಯಿತು. ಯುದ್ಧಕಾಲದ ಸರ್ಕಾರಕ್ಕೆ ಬೇಕಿದ್ದುದು ಕಾರ್ಖಾನೆಗಳ ಉತ್ಪಾದನೆ. ಪ್ರಯಾಣಿಕರ ದಾರಿ ಯಾರಿಗೆ ಬೇಕಿತ್ತು? 1987ರಲ್ಲಿ ರೈಲ್ವೆ ಖಾಸಗೀಕರಣವಾಗಿ ಮಾರ್ಗ ಜೆಆರ್ ಈಸ್ಟ್ ಎಂಬ ರೈಲು ಕಂಪನಿಗೆ ಹೋಯಿತು. ಆಗಲೂ ಗೇಟಿನ ಸಂಗತಿ ಇದ್ದ ಹಾಗೇ ಇತ್ತು.

ಪ್ರಯಾಣಿಕರಿಗೆ ಇಲ್ಲಿ ಯಾವಾಗಲೂ ಎರಡನೇ ಸ್ಥಾನ. 1971ರಲ್ಲಿ ಈ ಮಾರ್ಗದ ಸ್ಟೇಷನ್ನುಗಳಿಂದ ಸಿಬ್ಬಂದಿಯನ್ನು ತೆಗೆದರು. ಇದೇ ಮಾರ್ಗದ ಇನ್ನೊಂದು ಕವಲು, ಓಕಾವಾ ಕವಲಿನ ಕಥೆ ಇನ್ನೂ ಚೆನ್ನಾಗಿದೆ. ಅದರ ರೈಲು ಮುಸಾಶಿ ಶಿರೈಶಿ ಸ್ಟೇಷನ್ನಿನಲ್ಲಿ ತೀರಾ ಬಾಗಿದ ಪ್ಲಾಟ್‌ಫಾರ್ಮಿನ ಪಕ್ಕ ನಿಲ್ಲಬೇಕಿತ್ತು. 20 ಮೀಟರ್ ಉದ್ದದ ಬೋಗಿ ಆ ತಿರುವಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಯುದ್ಧಕ್ಕೂ ಹಿಂದಿನ ಗಿಡ್ಡ ಬೋಗಿಯನ್ನೇ 1996ರವರೆಗೆ ಓಡಿಸಿದರು. ಅದು ನಿವೃತ್ತಿಯಾದಾಗ ತಿರುವನ್ನು ಸರಿ ಮಾಡಲಿಲ್ಲ, ಪ್ಲಾಟ್‌ಫಾರ್ಮನ್ನೇ ಕಿತ್ತರು. ಈಗ ಓಕಾವಾ ರೈಲುಗಳು ಅಲ್ಲಿ ನಿಲ್ಲುವುದೇ ಇಲ್ಲ.

ಉಮಿ ಶಿಬೌರಕ್ಕೆ ಸುಮ್ನೆ ನೋಡಲು ಬರುವವರು ಇದ್ದದ್ದು ಅಲ್ಲಿಯ ನೋಟಕ್ಕಾಗಿ. ಪ್ಲಾಟ್‌ಫಾರ್ಮಿನ ಒಂದು ಬದಿಗೆ ಹಳಿ, ಇನ್ನೊಂದು ಬದಿಗೆ ಕಂಬಿಬೇಲಿ. ಬೇಲಿಗೆ ಆನಿಕೊಂಡು ಬಗ್ಗಿದರೆ ಕೆಳಗೇ ಉಪ್ಪು ನೀರಿನ ಕಾಲುವೆ. ಎದುರಿಗೆ ತ್ಸುರುಮಿ ತ್ಸುಬಾಸಾ ಸೇತುವೆ. ಬಹಳ ವರ್ಷ ಮಧ್ಯಾಹ್ನದ ಹೊತ್ತು ರೈಲು ತೀರಾ ಕಡಿಮೆ ಇತ್ತು. ಒಂದು ತಪ್ಪಿದರೆ ಮುಂದಿನದಕ್ಕೆ ಒಂದೆರಡು ಗಂಟೆ ಕಾಯಬೇಕಾಗುತ್ತಿತ್ತು. ಹೀಗೆ ಸಿಕ್ಕಿಕೊಂಡವರಿಗಾಗಿ 1995ರಲ್ಲಿ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಒಂದು ಪುಟ್ಟ ಪಾರ್ಕು ಬಂತು. ಮಾಡಿಸಿದ್ದು ರೈಲಿನವರಲ್ಲ, ತೋಶಿಬಾ. ತನ್ನ ಜಾಗದಲ್ಲೇ ಒಂದು ಪಟ್ಟಿಯಷ್ಟು ನೆಲ ಬಿಟ್ಟುಕೊಟ್ಟಿತು. ಕಂಪನಿಯ ದೊಡ್ಡಮನಸ್ಸು ಅನ್ನಿ. ಆದರೆ ಸಾರ್ವಜನಿಕ ಸ್ಟೇಷನ್ನಿನ ಏಕೈಕ ಸಾರ್ವಜನಿಕ ಜಾಗ ಒಂದು ಖಾಸಗಿ ಕಂಪನಿಯ ಕೃಪೆಯಿಂದ ಬಂದದ್ದು ನನಗೆ ಸ್ವಲ್ಪ ಕಸಿವಿಸಿ ತರುತ್ತದೆ. ಪಾರ್ಕಿಗೆ ಹೋಗುವವರು ರೈಲಿನ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಪ್ರಯಾಣ ಮುಗಿಸಿ, ವಾಪಸಾಗುವಾಗ ಮತ್ತೆ ತೋರಿಸಬೇಕು.

2023ರ ಡಿಸೆಂಬರ್‌ನಲ್ಲಿ ಎರಡು ಸಂಗತಿ ಒಟ್ಟಿಗೇ ನಡೆದವು. ಲೆಕ್ಕಪತ್ರದ ಹಗರಣದಿಂದ ಶುರುವಾಗಿ ವರ್ಷಗಟ್ಟಲೆ ಒದ್ದಾಡಿದ ತೋಶಿಬಾ, ಟೋಕಿಯೊ ಷೇರುಪೇಟೆಯಿಂದ ಹೊರಬಂತು. ಕೆಲವೇ ದಿನಗಳಲ್ಲಿ ಈ ಮಾರ್ಗದಲ್ಲಿ ಹೊಸ ಇ131 ರೈಲುಗಳು ಓಡತೊಡಗಿದವು. ಒಂದಕ್ಕೊಂದು ಸಂಬಂಧ ಇಲ್ಲ, ನಿಜ. ಆದರೂ ಮುಂದೆಂದಾದರೂ ಕಾರ್ಖಾನೆ ಇಲ್ಲಿಂದ ಎದ್ದು ಹೋದರೆ ಜೆಆರ್ ಈಸ್ಟ್ ಎರಡರಲ್ಲಿ ಒಂದು ಮಾಡಬೇಕಾಗುತ್ತದೆ. ನೆಲದ ಹೊಸ ಮಾಲೀಕರ ಜೊತೆ ಕೂತು ದಾರಿ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಕವಲನ್ನೇ ಮುಚ್ಚಬೇಕು.