ಟ್ರೆಡ್‌ವೇರ್ ಅಂದ್ರೆ ಎಂತದು? ಮಲ್ನಾಡಲ್ಲಿ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್ ಹಾಕಿಸೋರಿಗೆ

ಸ್ಪೋರ್ಟ್ಸ್ ಕಾರಿಗೆ ಟೈರ್ ಬದಲಾಯಿಸೋಕೆ ಹೊರಟೋರು ಮೊದಲು ಸೈಜ್ ನೋಡ್ತಾರೆ, ಆಮೇಲೆ ರೇಟ್ ಕೇಳಿ ಒಂದ್ಸಲ ಸುಮ್ನಾಗ್ತಾರೆ, ಅಷ್ಟೊತ್ತಿಗೆ ಪಕ್ಕದಲ್ಲಿದ್ದೋರು ಯಾರೋ "ಟ್ರೆಡ್‌ವೇರ್ ಎಷ್ಟಿದೆ ನೋಡು ಮಾರಾಯ" ಅಂತಾರೆ. ಗೊಂದಲ ಶುರುವಾಗೋದೇ ಅಲ್ಲಿಂದ. ಒಬ್ರು 500 ಇದ್ರೆ ಬಾಳಿಕೆ ಬರತ್ತೆ, ಅದೇ ತಗೋ ಅಂತಾರೆ, ಇನ್ನೊಬ್ರು 200ಕ್ಕಿಂತ ಮೇಲಿದ್ರೆ ಅದು ಸ್ಪೋರ್ಟ್ಸ್ ಟೈರೇ ಅಲ್ಲ ಅಂತಾರೆ. ನಂಬರ್ ಒಂದೇ, ಅರ್ಥ ಎರಡು. ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲದಲ್ಲಿ ಕಾರು ಓಡಿಸೋರಿಗೆ ಆ ಎರಡೂ ಅರ್ಥ ಪೂರ್ತಿ ಸರಿ ಬರಲ್ಲ, ಅದಕ್ಕೇ ಇದನ್ನ ಸ್ವಲ್ಪ ಉದ್ದ ಬರೀತಿದ್ದೀನಿ.

ಟೈರಿನ ಸೈಡ್‌ವಾಲ್ ಮೇಲೆ ಸಣ್ಣ ಅಕ್ಷರದಲ್ಲಿ ಟ್ರೆಡ್‌ವೇರ್ ಅಂತ ಬರೆದು ಮುಂದೆ ಒಂದು ಸಂಖ್ಯೆ ಇರತ್ತೆ, ಅದರ ಜೊತೆಗೇ ಟ್ರ್ಯಾಕ್ಷನ್ (ಒದ್ದೆ ರಸ್ತೆಲಿ ಹಿಡಿತ), ಟೆಂಪರೇಚರ್ (ಬಿಸಿ ತಡ್ಕೊಳ್ಳೋ ಶಕ್ತಿ) ಅಂತ ಇನ್ನೆರಡು ಗ್ರೇಡು. ಈ ಮೂರೂ ಸೇರಿ ಅಮೆರಿಕದ ಸರ್ಕಾರದ ಗ್ರೇಡಿಂಗ್ ಪದ್ಧತಿ, ಹೆಸರು ಯುಟಿಕ್ಯೂಜಿ, ಅಂದ್ರೆ ಯೂನಿಫಾರ್ಮ್ ಟೈರ್ ಕ್ವಾಲಿಟಿ ಗ್ರೇಡಿಂಗ್. ಅಲ್ಲಿ 1966ರಲ್ಲಿ ಬಂದ ವಾಹನ ಸುರಕ್ಷತೆ ಕಾನೂನಿಂದ ಹುಟ್ಟಿದ್ದು. ಅಮೆರಿಕದಲ್ಲಿ ಮಾರೋ ಕಾರ್ ಟೈರಿಗೆ ಇದು ಕಡ್ಡಾಯ, ದೊಡ್ಡ ಕಂಪನಿಗಳು ಅದೇ ಟೈರನ್ನ ಬೇರೆ ಕಡೆನೂ ಮಾರೋದ್ರಿಂದ ನಮ್ಮೂರಿನ ಅಂಗಡಿಲಿ ಸಿಗೋ ಟೈರಲ್ಲೂ ಕಾಣತ್ತೆ.

ಟ್ರೆಡ್‌ವೇರ್ ಅಂದ್ರೆ ಸವೆಯೋ ವೇಗದ ಹೋಲಿಕೆ, ಕಿಲೋಮೀಟರ್ ಅಲ್ಲ. ಇದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಒಂದು ಮಾದರಿ ಟೈರಿಗೆ 100 ಅಂತ ಇಟ್ಟು, ನಮ್ಮ ಟೈರು ಅದರ ಅರ್ಧ ವೇಗದಲ್ಲಿ ಸವೆದ್ರೆ 200, ಮೂರನೇ ಒಂದು ಭಾಗದ ವೇಗದಲ್ಲಿ ಸವೆದ್ರೆ 300. ಟೆಸ್ಟ್ ನಡೆಯೋದು ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮಕ್ಕೆ, ಸ್ಯಾನ್ ಆಂಜೆಲೊ ಅನ್ನೋ ಊರಿನ ಸುತ್ತ. 400 ಮೈಲಿಯ ಒಂದು ಸುತ್ತು, ಅಂದ್ರೆ ಸುಮಾರು 640 ಕಿಲೋಮೀಟರು, ಸಾರ್ವಜನಿಕ ರಸ್ತೆಲೇ ನಾಲ್ಕು ಗಾಡಿಗಳ ಸಾಲು ಮಾಡ್ಕೊಂಡು ಹೋಗೋದು, ಒಂದರಲ್ಲಿ ಮಾದರಿ ಟೈರು, ಉಳಿದವುಗಳಲ್ಲಿ ಪರೀಕ್ಷೆ ಟೈರು, ಒಟ್ಟು 7200 ಮೈಲಿ ಅಂದ್ರೆ ಹತ್ತತ್ರ 11,600 ಕಿಲೋಮೀಟರ್ ಓಡಿಸಿ, ನಡುವೆ ನಡುವೆ ಟೈರಿನ ಮೇಲಿರೋ ಗೆರೆಯ ಆಳ ಅಳೆದು, ಎಷ್ಟು ಸವೆದಿದೆ ಅಂತ ನೋಡಿ ಮುಂದಿನದನ್ನ ಲೆಕ್ಕ ಹಾಕ್ತಾರೆ. ಟೈರ್ ಪೂರ್ತಿ ಸವೆಯೋ ತನಕ ಓಡಿಸಲ್ಲ. ಒಣ ಸೀಮೆ, ಸ್ಪೀಡ್ ಲಿಮಿಟ್ ಮೀರದ ಓಟ. ಹುಲಿಕಲ್ ಘಾಟಿ ಹತ್ತೋವಾಗ ಸೆಕೆಂಡ್ ಗೇರಲ್ಲಿ ಹಿಂದಿನ ಚಕ್ರದ ಮೇಲೆ ಬೀಳೋ ಎಳೆತ, ತಿರುವಲ್ಲಿ ಟೈರಿನ ಹೊರ ಅಂಚಿಗೆ ಬೀಳೋ ಉಜ್ಜಾಟ, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ.

ಇನ್ನೊಂದು ಮುಖ್ಯ ವಿಷಯ, ಈ ನಂಬರ್ ಕೊಡೋದು ಸರ್ಕಾರ ಅಲ್ಲ, ಟೈರ್ ಕಂಪನಿನೇ. ಟೆಸ್ಟಲ್ಲಿ ಬಂದಿದ್ದಕ್ಕಿಂತ ಜಾಸ್ತಿ ಹೇಳ್ಕೊಳ್ಳೋ ಹಾಗಿಲ್ಲ, ಕಮ್ಮಿ ಹಾಕಿದ್ರೆ ಅಡ್ಡಿ ಇಲ್ಲ. ಹಾಗಾಗಿ ಒಂದು ಕಂಪನಿಯ 300ನ್ನೂ ಇನ್ನೊಂದು ಕಂಪನಿಯ 300ನ್ನೂ ತಕ್ಕಡಿಲಿ ಇಡೋಕಾಗಲ್ಲ. ಅಮೆರಿಕದ ಹವ್ಯಾಸಿ ರೇಸುಗಳಲ್ಲಿ, ಆಟೋಕ್ರಾಸ್‌ಗಳಲ್ಲಿ (ಕೋನ್ ಇಟ್ಟ ಮೈದಾನದಲ್ಲಿ ಒಂದೊಂದೇ ಕಾರು ಟೈಮ್ ನೋಡಿ ಓಡಿಸೋ ಸ್ಪರ್ಧೆ) "ರಸ್ತೆ ಟೈರ್" ವರ್ಗಕ್ಕೆ ಕನಿಷ್ಠ 200 ಟ್ರೆಡ್‌ವೇರ್ ಇರ್ಬೇಕು ಅಂತ ನಿಯಮ ಇದೆ, ಆ ನಿಯಮ ಬಂದ್ಮೇಲೆ ಕಂಪನಿಗಳು ಸರಿಯಾಗಿ 200 ಅಂತ ಅಚ್ಚು ಹಾಕಿದ ಆದರೆ ಡಾಂಬರಿಗೆ ಅಂಟ್ಕೊಳ್ಳೋ ಹಾಗಿರೋ ಟೈರುಗಳನ್ನೇ ಸಾಲಾಗಿ ತಂದ್ವು. ಅಂದ್ರೆ ಅಲ್ಲಿ 200 ಅನ್ನೋದು ಸವೆತದ ಅಳತೆ ಅನ್ನೋದಕ್ಕಿಂತ ರೇಸಿಗೆ ಎಂಟ್ರಿ ಪಾಸು. ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸೋಕೆ ಮಾತ್ರ ಈ ನಂಬರ್ ಸ್ವಲ್ಪ ನಂಬಬಹುದು, ನಾನು ಅಷ್ಟಕ್ಕೇ ಬಳಸೋದು.

ಹಾಗಾದ್ರೆ ಕಮ್ಮಿ ನಂಬರ್ ಅಂದ್ರೆ ಜಾಸ್ತಿ ಗ್ರಿಪ್ ಅನ್ನೋದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಮೆತ್ತಗಿನ ರಬ್ಬರು ರಸ್ತೆಯ ಸಣ್ಣ ಸಣ್ಣ ಕಲ್ಲಿನ ಮೂಲೆಗೆಲ್ಲ ಇಳಿದು ಹಿಡ್ಕೊಳ್ಳತ್ತೆ, ಹಿಡ್ಕೊಂಡಷ್ಟೂ ಬೇಗ ಸವೆಯತ್ತೆ, ಗಟ್ಟಿ ರಬ್ಬರು ಬಾಳಿಕೆ ಬರತ್ತೆ ಹಿಡಿತ ಕಮ್ಮಿ. ಟ್ರ್ಯಾಕಿಗೆ ಅಂತ್ಲೇ ಮಾಡಿದ ಟೊಯೊ ಆರ್888ಆರ್ ಮೇಲೆ 100 ಇದೆ, ರಸ್ತೆಲಿ ಓಡಿಸೋ ಸೂಪರ್‌ಕಾರಿಗೂ ಹಾಕೋ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್ ಮೇಲೆ 300. ಮನೆ ಸೆಡಾನಿಗೆ ಹಾಕೋ ಟೂರಿಂಗ್ ಟೈರುಗಳಲ್ಲಿ 400, 500, ಅದಕ್ಕಿಂತ ಮೇಲೂ ಸಿಗತ್ತೆ. ಆದ್ರೆ ಈ ಹಿಡಿತದ ಮಾತೆಲ್ಲ ಒಣ ರಸ್ತೆದು. ರಸ್ತೆ ಒದ್ದೆ ಆದ ಕೂಡ್ಲೆ ಲೆಕ್ಕ ಬೇರೆ ಆಗತ್ತೆ, ನಮಗೆ ಬೇಕಾಗಿರೋದು ಆ ಲೆಕ್ಕವೇ.

ಒದ್ದೆ ರಸ್ತೆಗೆ ಅಂತ ಟ್ರ್ಯಾಕ್ಷನ್ ಗ್ರೇಡ್ ಇದ್ಯಲ್ಲ ಅನ್ನಬಹುದು. ಅದರಲ್ಲಿ ಎಎ, ಎ, ಬಿ, ಸಿ ಅಂತ ನಾಲ್ಕಿದೆ. ಅಳೆಯೋ ರೀತಿ ಹೇಗಂದ್ರೆ, ಒದ್ದೆ ಮಾಡಿದ ಡಾಂಬರು ಮತ್ತೆ ಕಾಂಕ್ರೀಟ್ ಮೇಲೆ ಗಂಟೆಗೆ 40 ಮೈಲಿ ಅಂದ್ರೆ 64 ಕಿಲೋಮೀಟರ್ ವೇಗದಲ್ಲಿ ಟ್ರೈಲರ್ ಎಳ್ಕೊಂಡು ಹೋಗಿ, ಅದರ ಚಕ್ರಾನ ಬ್ರೇಕ್ ಹಾಕಿ ಲಾಕ್ ಮಾಡಿ, ಎಷ್ಟು ತಡೆ ಬರತ್ತೆ ನೋಡೋದು. ನೇರ ರಸ್ತೆ. ತಿರುವು ಇಲ್ಲ, ನಿಂತ ನೀರಲ್ಲಿ ಟೈರು ರಸ್ತೆ ಬಿಟ್ಟು ತೇಲೋ ಪರೀಕ್ಷೆ ಇಲ್ಲ. ಅದೂ ಹೊಸ ಟೈರಿಗೆ, ಮೂರು ಮಳೆಗಾಲ ಕಂಡು ಅರ್ಧ ಸವೆದ ಟೈರಿಗಲ್ಲ. ಯುರೋಪಿನ ಲೇಬಲ್ಲಲ್ಲಿ ವೆಟ್ ಗ್ರಿಪ್ ಅಂತ ಎಯಿಂದ ಇ ತನಕ ಕೊಡ್ತಾರೆ, ಗಂಟೆಗೆ 80ರಿಂದ 20 ಕಿಲೋಮೀಟರಿಗೆ ಬ್ರೇಕ್ ಹಿಡಿದು ಅಳೆಯೋದು ಅದು, ಅದರ ಮೇಲೆ ನನಗೆ ಜಾಸ್ತಿ ಭರವಸೆ, ಆದ್ರೆ ಅದರಲ್ಲೂ ತೇಲೋದರ ಲೆಕ್ಕ ಇಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ, ಶಿವಮೊಗ್ಗ ಪೇಟೆಲಿ ಅದರ ಕಾಲು ಭಾಗನೂ ಬರಲ್ಲ, ಆದ್ರೆ ಒಂದೇ ದಿನ ಒಂದೇ ಕಾರು ಎರಡೂ ಕಡೆ ಓಡತ್ತೆ. ಮತ್ತೆ ನಮ್ಮಲ್ಲಿ ಜಾರೋದು ಎರಡು ಥರ, ಇದನ್ನ ಜನ ಒಂದೇ ಅಂತ ತಿಳ್ಕೋತಾರೆ. ಆಗುಂಬೆ ಘಾಟಿಯ 14 ತಿರುವಲ್ಲಿ ಯಾರೂ 80ರಲ್ಲಿ ಹೋಗಲ್ಲ, ಅಲ್ಲಿ ನೀರಿನ ಮೇಲೆ ತೇಲೋ ಭಯ ಕಮ್ಮಿ, ಅಲ್ಲಿರೋ ಭಯ ಪಾಚಿ, ತರಗೆಲೆ, ಧರೆಯಿಂದ ಹರಿದು ಬಂದ ಕೆಂಪು ರಾಡಿ, ಮರದ ನೆರಳಲ್ಲಿ ದಿನಗಟ್ಟಲೆ ಒಣಗದ ಡಾಂಬರು. ಅಲ್ಲಿ ಬೇಕಾಗೋದು ತಣ್ಣಗಿದ್ದಾಗಲೂ ಮೆತ್ತಗೇ ಇರೋ ರಬ್ಬರು. ಟ್ರ್ಯಾಕ್ ಟೈರಿನ ರಬ್ಬರು ಚೆನ್ನಾಗಿ ಬಿಸಿ ಆದ ಮೇಲೇ ಕೆಲಸ ಮಾಡೋದು, ಪುನರ್ವಸು ಮಳೆಲಿ ಮಿನಿಟಿಗೊಂದ್ಸಲ ನೀರು ಎರಚಿಸ್ಕೊಳ್ಳೋ ಟೈರು ಬಿಸಿ ಆಗೋದಾದ್ರೂ ಯಾವಾಗ? ಮಳೆಗಾಲದ ಅಂಗಳದಲ್ಲಿ ಸವೆದ ಹವಾಯಿ ಚಪ್ಪಲಿ ಹಾಕ್ಕೊಂಡು ಓಡಿದ ಹಾಗೆ ಆಗತ್ತೆ, ಒಣ ಜಗಲಿ ಮೇಲೆ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಎರಡನೇ ಥರ ಹೈವೇದು. ಭದ್ರಾವತಿ ದಾಟಿ ತರೀಕೆರೆ ಕಡೆ ನೇರ ರಸ್ತೆ ಸಿಕ್ಕಾಗ, ಸಾಗರದ ಕಡೆ ಅಗಲ ರಸ್ತೆ ಸಿಕ್ಕಾಗ, ಜಡಿ ಮಳೆ ಬಂದು ರಸ್ತೆ ಪಕ್ಕ ನೀರು ನಿಂತಿರತ್ತೆ. ಟೈರಿನ ಗೆರೆಗಳು ಆ ನೀರನ್ನ ಪಕ್ಕಕ್ಕೆ ತಳ್ಳೋಕೆ ಸಾಕಾಗದೇ ಇದ್ದಾಗ ರಬ್ಬರು ರಸ್ತೆ ಬಿಟ್ಟು ನೀರಿನ ಮೇಲೆ ಕೂರತ್ತೆ, ಸ್ಟೀರಿಂಗ್ ಹಗುರ ಆಗತ್ತೆ, ಬ್ರೇಕ್ ಒತ್ತಿದ್ರೂ ಏನೂ ಆಗಲ್ಲ. ಇದಕ್ಕೆ ಹೈಡ್ರೋಪ್ಲೇನಿಂಗ್ ಅಂತಾರೆ. ನಾಸಾದೋರು 1960ರ ದಶಕದಲ್ಲಿ ವಿಮಾನದ ಟೈರಿಗೆ ಅಂತ ಒಂದು ಸೂತ್ರ ಕಂಡ್ಕೊಂಡ್ರು, ತೇಲೋ ವೇಗ ಗಾಳಿ ಒತ್ತಡದ ವರ್ಗಮೂಲಕ್ಕೆ ತಕ್ಕ ಹಾಗೆ ಇರತ್ತೆ ಅಂತ. ಆ ಲೆಕ್ಕದಲ್ಲಿ ನೀರಿನ ಆಳ ಗೆರೆಗಿಂತ ಜಾಸ್ತಿ ಇದ್ದಾಗ 36 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇರೋ ಟೈರು ಸುಮಾರು 100 ಕಿಲೋಮೀಟರ್ ವೇಗದಲ್ಲಿ ತೇಲತ್ತೆ, 25 ಪಿಎಸ್‌ಐಗೆ ಇಳಿದ್ರೆ 83ಕ್ಕೇ ತೇಲತ್ತೆ. ಕಾರಿನ ಟೈರು, ಅದರಲ್ಲೂ ಸ್ಪೋರ್ಟ್ಸ್ ಕಾರಿನ ಅಗಲದ ಟೈರು, ಇನ್ನೂ ಬೇಗ ತೇಲಬಹುದು, ಯಾಕಂದ್ರೆ ಅಗಲ ಆದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ, ಮೇಲಿಂದ ಕಾರು ಹಗುರ. ಗಾಳಿ ಚೆಕ್ ಮಾಡಿಸೋದು ಮೈಲೇಜಿಗೆ ಅಂತ ಮಾತ್ರ ಅಂದ್ಕೊಂಡೋರು ಈ ಎರಡು ನಂಬರ್ ನೆನಪಿಟ್ಕೊಳ್ಳಿ.

ಟ್ರೆಡ್‌ವೇರ್ ನಂಬರಿಗೂ ಗೆರೆಯ ಆಳಕ್ಕೂ ಸಂಬಂಧ ಬರೋದು ಇಲ್ಲಿ. ಕಮ್ಮಿ ನಂಬರಿನ ಟ್ರ್ಯಾಕ್ ಟೈರುಗಳಲ್ಲಿ ಗೆರೆ ಕಮ್ಮಿ, ಆಳನೂ ಹೊಸದರಲ್ಲೇ ಕಮ್ಮಿ, ಗೆರೆಗಳ ನಡುವಿನ ರಬ್ಬರ್ ತುಂಡು, ಅಂದ್ರೆ ಬಟನ್, ದೊಡ್ಡದಾಗಿದ್ದು ಅಲುಗಾಡಬಾರದು ಅಂತ ಹಾಗೆ ಮಾಡಿರ್ತಾರೆ. ಸಾಮಾನ್ಯ ರಸ್ತೆ ಟೈರು ಹೊಸದರಲ್ಲಿ 7-8 ಮಿಲಿಮೀಟರ್ ಆಳ ಇದ್ರೆ ಇವು ಹತ್ತತ್ರ 5-6ರಿಂದ ಶುರು. ಬೇಗ ಸವೆಯೋ ರಬ್ಬರು ಬೇರೆ. ಕಾನೂನು ಪ್ರಕಾರ 1.6 ಮಿಲಿಮೀಟರ್ ತನಕ ಓಡಿಸಬಹುದು, ಗೆರೆಯೊಳಗೆ ಅಡ್ಡ ಇರೋ ಸಣ್ಣ ದಿಂಡುಗಳು ಮೇಲ್ಮಟ್ಟಕ್ಕೆ ಬಂದ್ರೆ ಅದೇ 1.6. ನಮ್ಮ ಮಳೆಗೆ ಅದು ತುಂಬಾ ತಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಜೂನ್ ಹತ್ರ ಬಂದಾಗ ಆಳ 3 ಮಿಲಿಮೀಟರ್ ಇದ್ರೆ ನಾನಂತೂ ಆ ಕಾರನ್ನ ಮಳೆಗಾಲ ಮುಗಿಯೋ ತನಕ ಹೈವೇಗೆ ಇಳಿಸು ಅನ್ನಲ್ಲ, ಬದಲಾಯಿಸು ಅಂತೀನಿ.

ಹಂಗಂತ ಇನ್ನೊಂದು ತುದಿಗೆ ಹೋಗಿ 500ರ ಟೈರ್ ಹಾಕಿಸೋದೂ ಬೇಡ. ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್, ಬ್ರೇಕು, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಒಂದು ಮಟ್ಟದ ಹಿಡಿತ ಇದೆ ಅಂತ ನಂಬ್ಕೊಂಡು ಮಾಡಿರೋದು. ಜೊತೆಗೆ ಒಂದು ವಿಷಯ ಯೋಚನೆ ಮಾಡಿ, ನಮ್ಮಲ್ಲಿ ಇಂಥ ಕಾರು ವರ್ಷಕ್ಕೆ ಎಷ್ಟು ಓಡತ್ತೆ? ಭಾನುವಾರ ಕುಪ್ಪಳ್ಳಿ ತನಕ, ಹಬ್ಬಕ್ಕೆ ಶೃಂಗೇರಿ, ಯಾವಾಗಾದ್ರೂ ಬೆಂಗಳೂರು, ಉಳಿದ ದಿನ ಹೊದಿಕೆ ಹಾಕಿ ಶೆಡ್ಡಲ್ಲಿ. ಅಂಥ ಕಾರಿನ ಟೈರು ಸವೆಯೋಕೆ ಮುಂಚೆ ಮುದಿ ಆಗತ್ತೆ. ರಬ್ಬರು ಐದಾರು ವರ್ಷದಲ್ಲಿ ಗಟ್ಟಿ ಆಗ್ತಾ ಹೋಗತ್ತೆ, ಆಳ ಎಷ್ಟೇ ಇದ್ರೂ ಒದ್ದೆ ರಸ್ತೇಲಿ ಹಿಡಿತ ಬಿಡತ್ತೆ. ಬಾಳಿಕೆ ನಂಬರಿಗೆ ದುಡ್ಡು ಕೊಟ್ಟು ಆ ಬಾಳಿಕೆ ಬಳಸದೇನೇ ಟೈರ್ ಎಸೆಯೋದ್ರಲ್ಲಿ ಅರ್ಥ ಇಲ್ಲ.

ಅದಕ್ಕೇ ನನ್ನ ಲೆಕ್ಕದಲ್ಲಿ ಮಲ್ನಾಡಿಗೆ ಸರಿಯಾದ ಜಾಗ 300ರ ಆಸುಪಾಸು, ರಸ್ತೆಗೆ ಅಂತ್ಲೇ ಮಾಡಿದ, ಉದ್ದಕ್ಕೆ ಮೂರು ನಾಲ್ಕು ಆಳವಾದ ಗೆರೆ ಇರೋ, ಯುರೋಪ್ ಲೇಬಲ್ಲಲ್ಲಿ ವೆಟ್ ಗ್ರಿಪ್ ಎ ಇರೋ ಸಮ್ಮರ್ ಟೈರು. ಈ ಟೈರುಗಳ ರಬ್ಬರಲ್ಲಿ ಸಿಲಿಕಾ ಜಾಸ್ತಿ ಇರತ್ತೆ, ಬರೀ ಕಾರ್ಬನ್ ಬ್ಲ್ಯಾಕ್ ಇರೋ ರಬ್ಬರಿಗಿಂತ ಒದ್ದೆಲಿ ಚೆನ್ನಾಗಿ ಹಿಡಿಯೋದು ಅದ್ರಿಂದ್ಲೇ. ಸಮ್ಮರ್ ಅನ್ನೋ ಹೆಸರು ಕೇಳಿ ಮಳೆಗಾಲಕ್ಕೆ ಆಗಲ್ಲ ಅನ್ಕೋಬೇಡಿ. ಯುರೋಪಲ್ಲಿ 7 ಡಿಗ್ರಿಗಿಂತ ಕೆಳಗೆ ಹೋದ್ರೆ ಸಮ್ಮರ್ ಟೈರ್ ಗಟ್ಟಿ ಆಗತ್ತೆ ಅಂತ ಬದಲಾಯಿಸ್ತಾರೆ, ನಮ್ಮಲ್ಲಿ ಧನುರ್ಮಾಸದ ಬೆಳಿಗ್ಗೆ ಎಷ್ಟೇ ಚಳಿ ಅಂದ್ರೂ ಸಾಮಾನ್ಯಕ್ಕೆ ಅಷ್ಟು ಇಳಿಯಲ್ಲ.

ಉಳಿದ ಅಕ್ಷರಗಳನ್ನ ಬೇಗ ಹೇಳ್ಬಿಡ್ತೀನಿ. ಸ್ಪೀಡ್ ರೇಟಿಂಗಲ್ಲಿ, ಅಂದ್ರೆ ಟೈರು ತಡ್ಕೊಳ್ಳೋ ಗರಿಷ್ಠ ವೇಗದಲ್ಲಿ, ವಿ ಅಂದ್ರೆ ಗಂಟೆಗೆ 240, ಡಬ್ಲ್ಯೂ 270, ವೈ 300 ಕಿಲೋಮೀಟರ್, ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಹಾಕಿಸ್ಬೇಡಿ, ಲೋಡ್ ಇಂಡೆಕ್ಸ್ (ಟೈರು ಹೊರೋ ತೂಕದ ಸಂಖ್ಯೆ) ಕೂಡ ಹಾಗೇ. ಪೋರ್ಶೆಗೆ ಅಂತ ಒಪ್ಪಿಗೆ ಸಿಕ್ಕ ಟೈರಿನ ಮೇಲೆ ಎನ್0, ಎನ್1 ಅಂತ ಇರತ್ತೆ, ಬಿಎಂಡಬ್ಲ್ಯೂಗೆ ನಕ್ಷತ್ರದ ಗುರುತು. ಸಿಕ್ಕಿದ್ರೆ ಒಳ್ಳೇದು, ನಾಲ್ಕೂ ಒಂದೇ ಥರ ಇರ್ಲಿ. ಪೋರ್ಶೆ 718 ಕೇಮನ್ ಥರದ ಕಾರಲ್ಲಿ 18 ಇಂಚಿನ ರಿಮ್ಮಿಗೆ ಮುಂದೆ 235/45, ಹಿಂದೆ 265/45, ಅಂದ್ರೆ ಹಿಂದಿಂದು ಅಗಲ ಜಾಸ್ತಿ, ಹಾಗಾಗಿ ಹಿಂದಿಂದು ಮುಂದಕ್ಕೆ ಬದಲಾಯಿಸಿ ಸವೆತ ಸಮ ಮಾಡೋಕಾಗಲ್ಲ, ಹಿಂದಿನವು ಬೇಗ ಹೋಗತ್ತೆ. ಎರಡೇ ಹಾಕಿಸೋ ಪರಿಸ್ಥಿತಿ ಇದ್ರೆ ಅದೇ ಕಂಪನಿ, ಅದೇ ಮಾಡೆಲ್ ಹಾಕಿಸಿ.

ಅಂಗಡಿಲಿ ಟ್ರೆಡ್‌ವೇರ್‌ಗಿಂತ ಮೊದಲು ನೋಡ್ಬೇಕಾದ್ದು ಡಾಟ್ (DOT) ಅನ್ನೋ ಅಕ್ಷರದ ಸಾಲಿನ ಕೊನೇ ನಾಲ್ಕು ಅಂಕಿ. 2324 ಅಂತಿದ್ರೆ 2024ರ 23ನೇ ವಾರ ತಯಾರಾದ ಟೈರು. 2020ರ ಜೂನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನ ನಿರ್ಬಂಧಿತ ಪಟ್ಟಿಗೆ ಹಾಕಿದ ಮೇಲೆ ದೊಡ್ಡ ಸೈಜಿನ ಸ್ಪೋರ್ಟ್ಸ್ ಟೈರುಗಳು ಬೇಕಂದಾಗ ಸಿಗಲ್ಲ, ಶಿವಮೊಗ್ಗದ ಅಂಗಡಿಯೋರು ಬೆಂಗಳೂರಿಂದ ತರಿಸ್ಬೇಕು, ಅಲ್ಲಿ ಎಷ್ಟೋ ದಿನದಿಂದ ಕೂತಿದ್ದ ಹಳೇ ಸ್ಟಾಕ್ ಬಂದುಬಿಡೋ ಸಾಧ್ಯತೆ ಇದೆ. ಆರ್ಡರ್ ಕೊಡೋವಾಗ್ಲೇ "ಅಣ್ಣಾ, ಡೇಟ್ ಕೋಡ್ ಫೋಟೋ ಕಳ್ಸಿ, ನಾಲ್ಕೂದು" ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಏಪ್ರಿಲಲ್ಲೇ ಕೇಳಿಟ್ರೆ ಮೇ ಒಳಗೆ ಹಾಕಿಸಿ ಅಲೈನ್‌ಮೆಂಟ್ ಮಾಡಿಸ್ಬಹುದು, ಹೊಸ ಟೈರಿನ ಮೇಲಿರೋ ಅಚ್ಚಿನ ಜಿಡ್ಡು ಹೋಗೋಕೆ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸ್ಬೇಕಲ್ಲ, ಅಷ್ಟು ಒಣ ರಸ್ತೆಲೇ ಮುಗಿದು, ಮೃಗಶಿರ ಮಳೆ ಹಿಡಿಯೋ ಹೊತ್ತಿಗೆ ಟೈರು ತಯಾರಿರತ್ತೆ.