ಹಳೆಯ ವಿಂಡೋಸ್ ಕಂಪ್ಯೂಟರ್ ಬಿಟ್ಟು ಮ್ಯಾಕ್ ಕೊಳ್ಳಬಹುದೇ?

ಪ್ರಶ್ನೆ: 2016ರಲ್ಲಿ ಕೊಂಡ ನಮ್ಮ ಮನೆಯ ವಿಂಡೋಸ್ ಕಂಪ್ಯೂಟರ್ ತುಂಬ ನಿಧಾನವಾಗಿದೆ. ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲ ಎಂಬ ಸಂದೇಶವೂ ಬರುತ್ತಿದೆ. ಈ ಸಲ ಮ್ಯಾಕ್ ಕೊಳ್ಳುವುದು ಸರಿಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲೆತುಹೋಗಿವೆ. ಅವನ್ನು ಬಿಡಿಸಿ ನೋಡುವ ಮೊದಲು ಹೊಸ ಯಂತ್ರಕ್ಕೆ ಹಣ ಹಾಕಬೇಡಿ.

ಆ ಕಾಲದ ಬಹಳಷ್ಟು ಮನೆ ಕಂಪ್ಯೂಟರುಗಳಲ್ಲಿ ಇರುವುದು ತಟ್ಟೆ ತಿರುಗುವ ಹಾರ್ಡ್ ಡಿಸ್ಕ್. ಬೇಕಾದ ಮಾಹಿತಿ ತಟ್ಟೆಯ ಯಾವ ಭಾಗದಲ್ಲಿದೆಯೋ ಅಲ್ಲಿಗೆ ಪ್ರತಿ ಸಲವೂ ಡಿಸ್ಕಿನ ತೋಳು ಸರಿಯಬೇಕಾಗುವುದರಿಂದ, ನೂರಾರು ಸಣ್ಣ ಕಡತಗಳನ್ನು ಒಟ್ಟಿಗೆ ಕೇಳುವ ಇಂದಿನ ತಂತ್ರಾಂಶಗಳ ಮುಂದೆ ಅದು ಸೋಲುತ್ತದೆ. ಅದರ ಜಾಗದಲ್ಲಿ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿದರೆ, ಎಸೆಯಲು ಹೊರಟಿದ್ದ ಕಂಪ್ಯೂಟರೇ ಮನೆಬಳಕೆಗೆ ಸಾಕಾಗುವುದು ಅಪರೂಪವೇನಲ್ಲ.

ಎರಡನೆಯ ತೊಂದರೆಗೆ ಈ ರಿಪೇರಿ ಮದ್ದಲ್ಲ. ವಿಂಡೋಸ್ 11 ಬೇಡುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರನ್ನು; ಇಂಟೆಲ್‌ನಲ್ಲಿ ಆ ಪಟ್ಟಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಅದನ್ನೇ ಬಹುಕಾಲ ಇಟ್ಟುಕೊಳ್ಳುವುದು ಕ್ಷೇಮವಲ್ಲ. ಬದಲಾವಣೆಗೆ ನಿಜವಾದ ಕಾರಣ ನಿಮಗಿರುವುದು ಇಲ್ಲಿ.

ಆ ಬದಲಾವಣೆ ಮ್ಯಾಕ್ ಕಡೆಗೇ ಆಗಬೇಕೇ ಎಂಬುದನ್ನು ನಿಮ್ಮ ಕೆಲಸ ಹೇಳಬೇಕು. ಎರಡು ವಾರ ಮನೆಯವರೆಲ್ಲರೂ ಬಳಸಿದ ತಂತ್ರಾಂಶಗಳನ್ನು ಬರೆದಿಡಿ. ಬ್ರೌಸರ್, ಫೋಟೋ, ಪತ್ರವ್ಯವಹಾರ ಇಷ್ಟೇ ಆದರೆ ಯಾವ ಕಂಪ್ಯೂಟರಾದರೂ ನಡೆದೀತು. ಪಟ್ಟಿಯಲ್ಲಿ ದತ್ತಾಂಶ ಜೋಡಿಸಿಡುವ ಮೈಕ್ರೋಸಾಫ್ಟ್ ಆಕ್ಸೆಸ್ ಇದ್ದರೆ ಅದು ಮ್ಯಾಕ್‌ನಲ್ಲಿ ಇಲ್ಲವೇ ಇಲ್ಲ. ಎಕ್ಸೆಲ್ ಇದೆಯಾದರೂ ಆಕ್ಟಿವ್‌ಎಕ್ಸ್ ಎಂಬ ವಿಂಡೋಸ್ ತಂತ್ರದ ಗುಂಡಿಗಳಿರುವ ಹಾಳೆಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಹಿಂದೆ ಮ್ಯಾಕ್‌ನೊಳಗೇ ವಿಂಡೋಸ್ ಹಾಕಿಕೊಳ್ಳಲು ಬೂಟ್ ಕ್ಯಾಂಪ್ ಇತ್ತು; 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಗಳಿಂದ ಈಚೆಗೆ ಆ ದಾರಿಯೂ ಮುಚ್ಚಿದೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ, ಅವನ್ನು ಈಗಿನ ಕಂಪ್ಯೂಟರಿನಲ್ಲಿಯೇ ಪರಿವರ್ತಿಸಿಕೊಳ್ಳಿ. ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಕಡತ ಪದ್ಧತಿಯ ಹೊರ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರ ಮೇಲೆ ಬರೆಯುವುದಿಲ್ಲ ಎಂಬುದೂ ಮೊದಲೇ ತಿಳಿದಿರಲಿ. ಕಂಟ್ರೋಲ್ ಕೀಲಿಯ ಬದಲು ಕಮಾಂಡ್ ಒತ್ತುವ ಕಷ್ಟವನ್ನು ಜನ ದೊಡ್ಡದು ಮಾಡುತ್ತಾರೆ. ಅದು ಬೆರಳಿಗೆ ತಾನಾಗಿ ಬರುತ್ತದೆ.

ಇಷ್ಟೆಲ್ಲ ನೋಡಿಯೂ ಅಡ್ಡಿ ಕಾಣದಿದ್ದರೆ ಮ್ಯಾಕ್ ಒಳ್ಳೆಯ ಆಯ್ಕೆಯೇ. ಆದರೆ ಇಂದಿನ ಮ್ಯಾಕ್‌ಗಳಲ್ಲಿ ರ‍್ಯಾಮನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ. ಎಷ್ಟು ಬೇಕೆಂಬುದು ಕೊಳ್ಳುವ ದಿನವೇ ತೀರ್ಮಾನವಾಗಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಅದಕ್ಕೂ ಮೊದಲು ಹಳೆಯ ಯಂತ್ರದಲ್ಲಿ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಪರೀಕ್ಷಿಸುತ್ತೇನೆ. ಅದರ ರೂಪಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿ ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ನಡೆಸಿ ನೋಡಬಹುದು. ಪೆನ್‌ಡ್ರೈವ್‌ನಿಂದ ಓಡುವಾಗ ವೇಗ ಕಡಿಮೆ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಹಾಳೆ ಹೊರಡಿಸುತ್ತದೆಯೇ ಎಂದಷ್ಟೇ ನೋಡಿ. ಮೂರೂ ಆದರೆ, ಕಡತಗಳ ಪ್ರತಿ ತೆಗೆದಿಟ್ಟು, ಎಸ್‌ಎಸ್‌ಡಿ ಹಾಕಿಸುವ ದಿನವೇ ಅದರಲ್ಲಿ ಲಿನಕ್ಸ್ ಹಾಕಿಸಿಬಿಡಿ.