ಆ ಉಬ್ಬಿದ ತಿಗಣೆ ಸುಡಬೇಡಿ

"ಸಾರ್, ಪರಂಗಿ ಎಲೆ ತುಂಬಾ ಹಿಟ್ಟು ತಿಗಣೆ. ಮೂರು ಸಲ ಔಷಧಿ ಹೊಡೆದೆ, ಹೋಗ್ತಾನೇ ಇಲ್ಲ." ಇಂಥ ಫೋನ್ ಬಂದಾಗಲೆಲ್ಲ ನಾನು ಹೇಳುವುದು ಒಂದೇ: ಪಂಪು ಕೆಳಗಿಡಿ, ಒಂದು ಎಲೆ ಕಿತ್ತು ತಿರುಗಿಸಿ ನೋಡಿ.

ಹಿಟ್ಟು ತಿಗಣೆ ಅಂದರೆ ಮೈಮೇಲೆ ಬಿಳಿ ಮೇಣದ ಹಿಟ್ಟು ಹೊತ್ತು ಗಿಡದ ರಸ ಹೀರುವ ಸಣ್ಣ ಕೀಟ. ಆ ಬಿಳಿ ಹಿಟ್ಟಿನ ನಡುವೆ ಕಂದು ಹಳದಿ ಬಣ್ಣದ, ಊದಿಕೊಂಡ, ಅಲ್ಲಾಡದ ತಿಗಣೆಗಳು ಇವೆಯಾ? ಅವು ಬರೀ ಸಿಪ್ಪೆ. ಒಳಗೆ ಅಸೆರೋಫ್ಯಾಗಸ್ ಪಪಾಯೆ ಎಂಬ ಕಣಜದ ಮರಿ ಬೆಳೆಯುತ್ತಿದೆ. ತಾಯಿ ಕಣಜ ಎಳೆಯ ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ಮರಿ ಅದನ್ನು ಒಳಗಿಂದಲೇ ತಿಂದು, ಸುಮಾರು ಎರಡು ವಾರದಲ್ಲಿ ದುಂಡಗೆ ತೂತು ಕೊರೆದು ಹೊರಬರುತ್ತದೆ. ಭೂತಗನ್ನಡಿ ಹಿಡಿದರೆ ಆ ತೂತು ಕಾಣುತ್ತದೆ. ಕಣಜ ಅಂದ ಕೂಡಲೇ ಹೆದರಬೇಡಿ. ಇದು ಒಂದು ಮಿಲಿಮೀಟರ್ ಕೂಡ ಇಲ್ಲ, ನಮ್ಮನ್ನು ಕುಟುಕುವುದಿಲ್ಲ.

ಈ ಪರಂಗಿ ಹಿಟ್ಟು ತಿಗಣೆ ಮೆಕ್ಸಿಕೊ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿತು. ಪರಂಗಿ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹತ್ತಿತು. ಅದರ ಮೈಮೇಲಿನ ಮೇಣ ಔಷಧಿಯನ್ನು ತಡೆಯಿತು. ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತರಿಸಿದರು. ಅವುಗಳಲ್ಲಿ ನಮ್ಮಲ್ಲಿ ಚೆನ್ನಾಗಿ ನೆಲೆಯೂರಿದ್ದು ಇದೇ ಅಸೆರೋಫ್ಯಾಗಸ್ ಪಪಾಯೆ.

ಮತ್ತೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಊದಿದ ತಿಗಣೆ ಜಾಸ್ತಿ ಕಂಡರೆ ಕಾಟ ಹೆಚ್ಚಿತು ಅಂತಲ್ಲ, ಇಳಿಯುತ್ತಿದೆ ಅಂತ. ಆಗ ಔಷಧಿ ಹೊಡೆದರೆ ಸಾಯುವುದು ಕಣಜ. ಮೇಣದ ಗೂಡಿನೊಳಗಿನ ತಿಗಣೆ ಮೊಟ್ಟೆ ಉಳಿಯುತ್ತದೆ. ಮುಂದಿನ ತಿಂಗಳು ಮತ್ತೆ ನನಗೇ ಫೋನ್ ಬರುತ್ತದೆ.

ಒಬ್ಬ ರೇಷ್ಮೆ ಬೆಳೆಗಾರರು ತಿಗಣೆ ಹತ್ತಿದ ಕಡ್ಡಿಗಳನ್ನೆಲ್ಲ ಕತ್ತರಿಸಿ ಬದುವಿನ ಮೇಲೆ ಬೆಂಕಿ ಇಟ್ಟಿದ್ದರು. ನೋಡಿ ಹೊಟ್ಟೆ ಉರಿಯಿತು. ಉಳಿದಿದ್ದ ಒಂದು ಎಲೆಯನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಕೊಟ್ಟೆ. ನಾಲ್ಕನೇ ದಿನ ಅವರ ಮಗಳು ಫೋನ್ ಮಾಡಿದಳು: "ಅಂಕಲ್, ಗಾಜಿನ ಮೇಲೆ ಸಾಸಿವೆಗಿಂತ ಸಣ್ಣವು ಓಡಾಡ್ತಿವೆ, ಹದಿನೇಳು ಎಣಿಸಿದೆ." ಬಟ್ಟೆ ಬಿಚ್ಚಿ ತೋಟದಲ್ಲೇ ಇಡು ಮರಿ ಅಂದೆ.

ಆದರೆ ಬಿಳಿ ತಿಗಣೆಗಳೆಲ್ಲ ಒಂದೇ ಜಾತಿ ಅಲ್ಲ. ಬೇರೆ ಜಾತಿಯಾದರೆ ಈ ಕಣಜವನ್ನು ನೆಚ್ಚಬೇಡಿ, ಮೊದಲು ಯಾರಿಗಾದರೂ ತೋರಿಸಿ. ಕಾಂಡದ ಮೇಲೆ ಇರುವೆ ಸಾಲು ಇದೆಯಾ ಅಂತಲೂ ನೋಡಿ. ತಿಗಣೆ ಹೊರಹಾಕುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ, ಕಣಜವನ್ನು ಹತ್ತಿರ ಬಿಡುವುದಿಲ್ಲ.